ಐದನೆಯ ತೂತು

ಹತ್ತುವಾಗ ಎಂದೂ ತಕರಾರಿಲ್ಲ ನನ್ನ ಗಾಲ್ಫಿನದು.
ಇಳಿಯುವಾಗ, ಹಿಂದಿನ ಸೀಟಿನಲ್ಲಿ
ಉಪ್ಪುನೀರಲ್ಲಿ ಮುಳುಗಿದ ಕುರಿಹಾಲಿನ ಚೀಸು ಆರು ಡಬ್ಬಿ,
ವ್ಲಾಶಿಚ್ ಬೆಟ್ಟದ ಹನ್ನೊಂದನೇ ತಿರುವಿನ ಹೊತ್ತಿಗೆ
ಪೆಡಲ್ಲು ನೀರು ಹೆಚ್ಚಾದ ಹಿಟ್ಟಿನ ಹಾಗೆ
ಕಾಲಡಿ ಕುಸಿಯುತ್ತಿತ್ತು.
ಸುಟ್ಟ ವಾಸನೆ. ಡಬ್ಬಿಗಳು ಒಂದನ್ನೊಂದು ತಳ್ಳಿಕೊಂಡು
ನನ್ನ ಬೆನ್ನಿಗೆ ಬಂದು ಕೇಳುತ್ತಿದ್ದವು:
ಫಿಕ್ರೇತಾ, ಇವತ್ತೋ ನಾಳೆಯೋ?

ಟ್ರಾವ್ನಿಕ್ಕಿನ ಝಿಯೋ ಕಾರಿನ ಕೆಳಗಿಂದಲೇ ಹೇಳಿದ:
"ನಿನ್ನದು ಎಂಬತ್ತೆಂಟರ ಬ್ರೇಕು.
ನಿಲ್ಲು ಎಂದರೆ, ಯೋಚಿಸಿ ಹೇಳುತ್ತೇನೆ ಎನ್ನುತ್ತದೆ."
ಅವನ ಅಂಗಳದ ಪ್ಲಮ್ ಮರದಡಿ
ಛಾವಣಿ ಜಜ್ಜಿದ ಮೂರನೇ ಗಾಲ್ಫ್ ಒಂದಿತ್ತು, ಆರು ಸಿಲಿಂಡರಿನದು;
ಶ್ಟುಟ್‌ಗಾರ್ಟಿನಿಂದ ರಜೆಗೆ ಬಂದವನೊಬ್ಬ
ಲಾಶ್ವಾ ಹೊಳೆಗೆ ಮಗುಚಿದ್ದು.
ಮನುಷ್ಯ ಉಳಿದ, ಇಂಜಿನು ಮಾರಿಹೋಯಿತು.
"ಕಾಲು ಗಟ್ಟಿಯಿವೆ" ಎಂದ ಝಿಯೋ, ಕುದುರೆ ಸಂತೆಯವನ ಹಾಗೆ.

ಡಿಸ್ಕು ಬೇಕೆಂದದ್ದು ನಾನು, ಡಿಸ್ಕು ಮಾತ್ರ.
ಬರುತ್ತೇನೆ, ಆದರೆ ಕ್ಯಾಲಿಪರ್ ಬಿಟ್ಟು ಬರಲಾರೆ ಎಂದಿತು ಡಿಸ್ಕು.
ಕ್ಯಾಲಿಪರ್ ತಾನು ಕೂತಿದ್ದ ತೋಳನ್ನು ಕರೆತಂದಿತು,
ತೋಳಿನ ಬೆನ್ನಿಗೆ ಹಬ್, ಬೇರಿಂಗು, ಆಕ್ಸಲ್ಲಿನ ತುದಿ.
ಇಷ್ಟು ಜನಕ್ಕೆ ಎಣ್ಣೆ ಸಾಲದೆಂದು ದೊಡ್ಡ ಮಾಸ್ಟರ್ ಸಿಲಿಂಡರು.
ಈ ತುಂಬಿದ ಸಂಸಾರ ಹದಿಮೂರಿಂಚಿನ ರಿಮ್ಮಿನೊಳಗೆ ಹಿಡಿಸದೆ
ಹದಿನೈದರ ನಾಲ್ಕು ರಿಮ್ಮು, ಅವಕ್ಕೆ ಟೈರು.
ಹುಡುಗಿಯೊಬ್ಬಳನ್ನು ತಂದುಕೊಂಡರೆ
ಬೀಗರ ಕಡೆಯವರೆಲ್ಲ ಬಸ್ಸು ಮಾಡಿಕೊಂಡು ಬಂದು
ಇಲ್ಲೇ ಉಳಿದುಬಿಟ್ಟಂತೆ.

ಹತ್ತು ದಿನ. ಎರಡು ತಿಂಗಳ ಚೀಸಿನ ದುಡ್ಡು.
ಕೊನೆಗೆ ಝಿಯೋ ಡಿಕ್ಕಿ ತೆರೆದು ಸ್ಟೆಪ್ನಿಗೆ ಬೆರಳು ಮಾಡಿದ:
"ಇದನ್ನಿನ್ನು ಬಿಸಾಡು. ನಾಲ್ಕು ತೂತಿನದು.
ನೀನೀಗ ಐದರವಳು."

ವೊಗೋಶ್ಚಾದ ಕಾರ್ಖಾನೆಯಲ್ಲಿ ಅಪ್ಪ
ಇಂಥ ಚಕ್ರಗಳನ್ನೇ ಬಿಗಿಯುತ್ತಿದ್ದದ್ದು, ಎರಡನೇ ಪಾಳಿ.
ಈ ಕಾರು ಸಾಲಿನಿಂದಿಳಿದ ಸಂಜೆ ಅವನೇ ಇಟ್ಟನಂತೆ ಅದನ್ನು.
ಇಂದಿಗೂ ನೆಲ ಮುಟ್ಟಿಲ್ಲ;
ಮೈಮೇಲಿನ್ನೂ ಹಸುಗೂಸಿನ ಕೂದಲಂಥ ರಬ್ಬರಿನ ಎಳೆ.
ಪಾಳಿ ಹೋಯಿತು, ಕಾರ್ಖಾನೆ ಹೋಯಿತು,
ಅಪ್ಪ ಇದ್ದಾನೆ. ಕೇಳಿದರೆ ಈಗ ಬೇರೆ ಹೇಳುತ್ತಾನೆ:
"ನಾನಲ್ಲ, ಪಕ್ಕದಲ್ಲಿ ನಿಲ್ಲುತ್ತಿದ್ದ ರಾದೊಯ್ಕೊ ಇಟ್ಟದ್ದು."
ರಾದೊಯ್ಕೊ ಈಗೆಲ್ಲಿ ಎಂದರೆ
ಕಾಫಿಗೆ ಇನ್ನೊಂದು ಸಕ್ಕರೆ ಹಾಕಿಕೊಳ್ಳುತ್ತಾನೆ.
ನಾನು ಬಿಸಾಡಲಿಲ್ಲ.

ಮೊದಲ ಇಳಿತ. ಹೆಬ್ಬೆರಳು ತಾಕಿಸಿದ್ದಷ್ಟೆ,
ಕಾರು ನಿಂತಿತು. ಚೀಸು ನಿಲ್ಲಲಿಲ್ಲ.
ಆ ವಾಸನೆ ಈಗಲೂ ಇದೆ, ಬಿಸಿಲು ಬಿದ್ದ ದಿನ ಹೆಚ್ಚು.

ಕೊಮಾರ್ ಘಾಟಿಯಲ್ಲಿ, ಅಕ್ಟೋಬರಿನ ಒಂದು ರಾತ್ರಿ
ಹಿಂದಿನ ಎಡಗಾಲಿ ಪಂಕ್ಚರು.
ಟಾರ್ಚು ಹಲ್ಲಲ್ಲಿ ಕಚ್ಚಿ, ಗೊತ್ತಿದ್ದೂ
ಎತ್ತಿ ಹಿಡಿದೆ ಅದನ್ನು ಹಬ್ ಎದುರು.
ಸುತ್ತು ಒಂದೇ, ನೂರು ಮಿಲಿಮೀಟರು, ಕೂದಲೆಳೆಯ ವ್ಯತ್ಯಾಸವಿಲ್ಲ;
ಅಷ್ಟೇ ಅಗಲದ ರೊಟ್ಟಿಯನ್ನು ಆ ಮನೆಯಲ್ಲಿ ನಾಲ್ವರು
ಈ ಮನೆಯಲ್ಲಿ ಐವರು ಹಂಚಿಕೊಂಡಿದ್ದಾರೆ.
ತಿರುಗಿಸಿದೆ. ತಿರುಗಿಸಿದೆ.
ಒಂದು ತೂತು ಕೂಡಿತು.
ಬೋಲ್ಟು ಕೂಡ ಇಳಿಯಿತು ಅದರೊಳಗೆ ಸಲೀಸಾಗಿ,
ಕತ್ತಲಲ್ಲೂ ತನ್ನ ಮನೆಯ ಚಿಲಕ ಸಿಕ್ಕವನ ಹಾಗೆ.
ಮಿಕ್ಕ ನಾಲ್ಕು ಅಂಗೈಯಲ್ಲೇ ಉಳಿದವು, ತಣ್ಣಗೆ.

ಒಂದು ಬೋಲ್ಟು ನಂಬಿ ಯಾರೂ ಘಾಟಿ ಇಳಿಯುವುದಿಲ್ಲ.
ಝಿಯೋಗೆ ಫೋನು ಮಾಡಿದೆ. ಮೊದಲು ನಕ್ಕ, ಆಮೇಲೆ
"ಐದರದು ತರುತ್ತೇನೆ, ಒಂದು ಗಂಟೆ" ಎಂದ.
ನಿಲ್ಲಲೆಂದೇ ಇಷ್ಟು ಖರ್ಚು ಮಾಡಿದ್ದೆನಲ್ಲ,
ಇಗೋ, ನಿಂತಿದೆ.
ಆ ಒಂದು ಬೋಲ್ಟನ್ನೂ ಬಿಚ್ಚಿ
ಚಕ್ರವನ್ನು ರಸ್ತೆಯಂಚಿನ ಒದ್ದೆ ಹುಲ್ಲಿಗೆ ಮಲಗಿಸಿ
ಮೇಲೆ ಕೂತೆ, ಡಬ್ಬಿಯಿಂದ ಒಂದು ತುಂಡು ಮುರಿದು ಬಾಯಿಗೆ ಹಾಕಿದೆ.
ಅಪ್ಪನೋ ರಾದೊಯ್ಕೊನೋ ಇಟ್ಟದ್ದು
ನನ್ನ ಭಾರಕ್ಕೆ ಕೊನೆಗೂ ನೆಲ ಮುಟ್ಟಿತು.