ಎರಡು-ನಾಲ್ಕು

ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ,
ರೋಗವಿದ್ದರೆ ಒಳಗೆಲ್ಲ ಮಸಿ.
ಶಿವಮೊಗ್ಗದ ದೊಡ್ಡಾಸ್ಪತ್ರೆಯ ಮಹಡಿಯಲ್ಲಿ
ಆ ಹುಡುಗಿ ನಮ್ಮ ಮನೆತನ ಬರೆಯುತ್ತಿದ್ದಾಳೆ.

ಅಣ್ಣ ಹಾಲೇಶನ ಚೌಕಕ್ಕೆ ಅಡ್ಡಗೀರು:
ಹತ್ತೊಂಬತ್ತಕ್ಕೇ ಹೋದ.
ನನ್ನ ಸೊನ್ನೆಗೂ ಮಸಿ ತುಂಬಿದಳು,
ಕೈ ತೂರದ ಬಳೆ.

‘ನಿಮಗೆಷ್ಟು?’
‘ನಲವತ್ತಮೂರು.’
ಪೆನ್ನು ನಿಂತಿತು.
ಅವಳ ಪುಸ್ತಕಗಳಲ್ಲಿ ಇದು ಮಕ್ಕಳ ಕಾಯಿಲೆ;
ಬೆಳೆದವರ ಪುಟ ಇನ್ನೂ ಖಾಲಿಯಂತೆ.

‘ಇದರಿಂದ ನಿಮಗೇನೂ ಲಾಭವಿಲ್ಲ’
ತಲೆ ತಗ್ಗಿಸಿ ಓದಿದಳು.
ಲಾಭ ನೋಡುವವಳು ನಾನು, ವ್ಯಾಪಾರದವಳು.
ಆದರೂ ಸಹಿ ಹಾಕಿದೆ.

ಭದ್ರಾವತಿ ದಾಟದವಳ ರಕ್ತ
ಐಸಿನ ಡಬ್ಬಿಯಲ್ಲಿ ಹೈದರಾಬಾದಿಗೆ ಹೊರಟಿತು.

ಗಾಂಧಿ ಬಜಾರಿನಲ್ಲಿ ಇಪ್ಪತ್ತು ವರ್ಷ
ಬಳೆ ತೊಡಿಸಿದ ಬೆರಳು ಈಗ ನಡುಗುತ್ತವೆ;
ಕಣ್ಣಿಗೇನೂ ಆಗಿಲ್ಲ.
ಅವಳ ಬರಿಗೈ ನೋಡಿ ಅಂದೆ:
ನಿಂದು ಎರಡು-ನಾಲ್ಕು.

ನಕ್ಕಳು. ಅಂಚಿನಲ್ಲಿ ಬರೆದುಕೊಂಡಳು.