ಇಂಚು, ಸೆಂಟು

ಹೂಮಳೆ ಹೋದ ವರ್ಷ ಎಂದು ಬಿತ್ತು,
ಅದರ ಹಿಂದಿನ ವರ್ಷ ಎಷ್ಟು ಸೆಂಟು,
ಪಕ್ಕದ ತೋಟದ ದಮಯಂತಿ ಫೋನು ಮಾಡಿ ಕೇಳುತ್ತಾಳೆ.
ಸ್ಪ್ರಿಂಕ್ಲರ್ ಪೈಪು ಜೋಡಿಸುವುದೋ
ಇನ್ನೊಂದು ವಾರ ಆಕಾಶ ನೋಡುವುದೋ
ಅವಳಿಗೆ ಇವತ್ತೇ ಗೊತ್ತಾಗಬೇಕು.
ಅಮ್ಮತ್ತಿಯಲ್ಲಿ ಫೆಬ್ರವರಿ ಮುಗಿಯುತ್ತಿದೆ,
ಮೊಗ್ಗುಗಳು ಅಕ್ಕಿಕಾಳಿನಷ್ಟಾಗಿ ನಿಂತುಬಿಟ್ಟಿವೆ.

ಲೆಕ್ಕವೆಲ್ಲ ಇರುವುದು ಗೋಡೆಯಾಚೆ,
ಚೆಂಗಪ್ಪಣ್ಣನ ಕಂಪ್ಯೂಟರಿನಲ್ಲಿ.
ಇಪ್ಪತ್ತು ವರ್ಷದ ಡಬ್ಬ. ಫ್ಯಾನು ತಿರುಗಿದರೆ
ಪಲ್ಪರಿಗೆ ಕಲ್ಲು ಸಿಕ್ಕಿದ ಸದ್ದು.
"ಬೇಕಾದ್ದು ಬರೆದುಕೊಂಡು ಹೋಗು" ಎಂದ.
ಇಪ್ಪತ್ತು ವರ್ಷದ ಬೆಳಿಗ್ಗೆಗಳನ್ನೇ?
ಪೆನ್‌ಡ್ರೈವ್ ಚುಚ್ಚೋಣವೆಂದರೆ ಒಂದು ಕಿಂಡಿ ಸತ್ತಿದೆ,
ಇನ್ನೊಂದರಲ್ಲಿ ಕಣಜ ಮಣ್ಣು ಮೆತ್ತಿ ಮನೆ ಕಟ್ಟಿದೆ.
ಕೊನೆಗೆ ಗವಾಕ್ಷಿಯಲ್ಲಿ ನೀಲಿ ಕೇಬಲ್ ತೂರಿಸಿದೆವು.

ಮೊದಲು ಸುಮ್ಮನೆ ಕೂಗಿ ನೋಡಿದೆ.
ನಾಲ್ಕು ಸಲ ಕೂಗಿದರೆ ನಾಲ್ಕು ಸಲವೂ ಓಗೊಟ್ಟಿತು,
ರೆಪ್ಪೆ ಬಡಿಯುವುದರೊಳಗೆ.
ಅಣ್ಣನಿಗಿಂತ ವಾಸಿ.
ಬಾಗಿಲು ತಟ್ಟಿದರೆ ಮಾತ್ರ: ದಾರಿ ಸಿಗಲಿಲ್ಲ.
ಅಲ್ಲೇ ಕೂತಿದೆ, ಓ ಅನ್ನುತ್ತದೆ, ದಾರಿಯಿಲ್ಲವಂತೆ.

ನೋಡಿದರೆ ಎರಡೂ ಬೇರೆ ಬೇರೆ ಒಕ್ಕ.
ಒಂದೇ ಹೆಂಚಿನ ಕೆಳಗೆ ಇಷ್ಟು ದಿನ
ಬೇರೆ ಹೆಸರು ಹೇಳಿಕೊಂಡು ಕೂತಿದ್ದವು.
ಎರಡಕ್ಕೂ ನಮ್ಮ ಮನೆ ಹೆಸರನ್ನೇ ಬರೆದೆ,
ಹದಿನೈದು ಅಕ್ಷರ ಮೀರಬಾರದಂತೆ,
ಬಾಲದ ಎರಡನ್ನು ಕಡಿದೆ.
"ಅಜ್ಜ ಇದ್ದಿದ್ದರೆ ಕತ್ತಿ ಹಿಡಿಯುತ್ತಿದ್ದ" ಎಂದ ಅಣ್ಣ,
ಆದರೂ ನಕ್ಕ.

ಆಮೇಲೆ ಭಾಷೆ.
ಹಳೆಯದರ ಮಾತು ಹೊಸದಕ್ಕೆ ಗೊತ್ತಿಲ್ಲವೆಂದಲ್ಲ,
ಗೊತ್ತಿದೆ, ಅಪಾಯವೆಂದು ಕಲಿಸಿ ಮರೆಸಿದ್ದಾರೆ.
ಎಲ್ಲೋ ಆಳದ ಪಟ್ಟಿಯಲ್ಲಿ ಒಂದು ಖಾಲಿ ಚೌಕ.
ಟಿಕ್ ಹಾಕಿದೆ. ಎದೆ ಸ್ವಲ್ಪ ಹೊಡೆದುಕೊಂಡಿತು.
ಆರಿ ಹೊತ್ತಿಕೊಂಡಿತು.

ಹೊಸದು ಈಗ ಹೊಸ್ತಿಲಲ್ಲಿ ನಿಂತು ಗುಟ್ಟಿನ ಪದ ಕೇಳಿತು.
ಹಳೆಯದಕ್ಕೆ ಬೀಗವೇ ಇರಲಿಲ್ಲ ಎಂದೂ.
ಯಾರು ಬೇಕಾದರೂ ಬನ್ನಿ ಅನ್ನುವ ಮನೆಗೆ
ನಾನು ಕಾಲಿಡುವುದಿಲ್ಲ ಎನ್ನುತ್ತದೆ ಇದು.
ಒಳಗೆ ಹೋಗಬೇಕೆಂದರೆ ಮೊದಲು ಬೀಗ ಹಾಕಬೇಕು!
ಅಣ್ಣ ನನ್ನನ್ನು ಹೊರಗೆ ಕಳಿಸಿ,
ಒಂದೇ ಬೆರಳಲ್ಲಿ ಏನೋ ಒತ್ತಿ,
ಮತ್ತೆ ಹೊರಗೆ ಬಂದು ನನ್ನ ಕಿವಿಯಲ್ಲೇ ಹೇಳಬೇಕಾಯಿತು.

ತೆರೆಯಿತು.
ದಿನಕ್ಕೊಂದು ಸಾಲು. ತಾರೀಖು. ಇಂಚು, ಸೆಂಟು.
ಬೆಳಿಗ್ಗೆ ಏಳಕ್ಕೆ ಟಾರ್ಚು ಹಿಡಿದು
ಅಂಗಳದ ಮಾಪಕದ ಮುಂದೆ ಬಗ್ಗಿದ ಬೆನ್ನು,
ಒಂದು ದಿನವೂ ತಪ್ಪಿಲ್ಲ.
ದಮಯಂತಿಗೆ ಹೇಳಿದೆ: ಮಾರ್ಚ್ ಒಂಬತ್ತು, ಒಂದಿಂಚು ಇಪ್ಪತ್ತು.
ಮಿಲಿಮೀಟರಿನಲ್ಲಿ ಎಷ್ಟು ಎಂದಳು.
ನೀನೇ ಗುಣಿಸಿಕೋ ಎಂದೆ.

ಕೊನೆಯ ಕಾಲಮ್ಮು ಮಾತ್ರ ಅಂಕಿಯಲ್ಲ.
ಹಳೆಯ ಫಾಂಟಿನಲ್ಲಿ ಅವನು ಬರೆದ ಕನ್ನಡ
ನನ್ನ ಪರದೆಯ ಮೇಲೆ ಟೊಪ್ಪಿ ಇಟ್ಟ ಇಂಗ್ಲಿಷ್ ಅಕ್ಷರ,
ಬಾಲವಿರುವ ಸಿ, ಎರಡು ಚುಕ್ಕೆಯ ಯು.
ಬೀಗ ತೆಗೆದರೂ ಮಾತು ಬಿಡಿಸಲಿಲ್ಲ.

ಹಾಗಾಗಿ ಈಗ ಸಂಜೆ ಹೊತ್ತು
ಅವನು ಆಚೆಯಿಂದ ಓದುತ್ತಾನೆ, ನಾನು ಈಚೆ ಒತ್ತುತ್ತೇನೆ.
"ಆನೆ ಬಂದು ಮಾಪಕ ಬೀಳಿಸಿತು."
"ಮೆಣಸಿನ ಬಳ್ಳಿಗೆ ರೋಗ."
"ತಂಗಿಗೆ ಪಿರಿಯಾಪಟ್ಟಣಕ್ಕೆ ವರ್ಗ. ಮೋಡ."
ಇದನ್ನೂ ಬರೆದಿದ್ದಾನೆ, ನಾನು ಕೇಳಲಿಲ್ಲ.

ಎಂಟನೇ ವರ್ಷ, ಏಪ್ರಿಲ್ ಮೂರು.
ಸೊನ್ನೆ ಇಂಚು, ಸೊನ್ನೆ ಸೆಂಟು.
ಆಚೆ ಫ್ಯಾನಿನ ಸದ್ದೊಂದೇ.
"ಮುಂದೆ?" ಎಂದೆ.
"ಏನಿಲ್ಲ. ಮಳೆಯಿಲ್ಲ. ಮುಂದಿನದು ಬರೆ."

ನನ್ನ ಪರದೆಯಲ್ಲಿ ಆ ಸಾಲಿನ ಕೊನೆಗೆ
ಟೊಪ್ಪಿ ಇಟ್ಟ ಅಕ್ಷರಗಳು, ಎಣಿಸಿದೆ,
ನಲವತ್ತೊಂದು.
ಏನಿಲ್ಲ, ಎಂದು ಒತ್ತಿದೆ.