ಎರಡು ಬೆರಳಿನ ಜಾಗ

ಸಲ್ಮಾಬಾದಿನ ಗ್ಯಾರೇಜು, ಆಗಸ್ಟ್ ತಿಂಗಳು. ಬೆಳಗಿನ ಏಳಕ್ಕೇ
ಸ್ಪ್ಯಾನರು ಕೈಗೆ ಚುರುಕ್ಕೆನ್ನುತ್ತದೆ.
ಎಂಬತ್ತೇಳರ ಕ್ರೆಸಿಡಾ, ಸೀಟಿಗೆ ಇನ್ನೂ ಡೆಟಾಲಿನ ವಾಸನೆ.
ಬದ್ರಿಯಾ ಅಮ್ಮ ಹೆರಿಗೆ ವಾರ್ಡಿನ ನರ್ಸಾಗಿದ್ದವರು,
ಮೂವತ್ತು ವರ್ಷದ ರಾತ್ರಿಪಾಳಿಗೆ ಇದೇ ಕಾರು.
"ನೀರು ಕುಡಿಯುತ್ತದೆ," ಅಂದರು, "ಎಲ್ಲಿಗೆ ಹೋಗುತ್ತದೋ ಕಾಣೆ."

ಕಾಣುವ ಕಡೆ ಸೋರುವುದು ರಬ್ಬರು.
ಕಬ್ಬಿಣ ಮರ್ಯಾದಸ್ಥ. ಎಂಜಿನ್ನಿನ ಬೆನ್ನ ಹಿಂದೆ,
ಮ್ಯಾನಿಫೋಲ್ಡಿನ ಕತ್ತಲಲ್ಲಿ,
ಕ್ಲಾಂಪು ಅಪ್ಪಿಕೊಂಡ ಕಡೆಯೇ ಒಳಗಿಂದೊಳಗೆ ಸವೆಯುತ್ತದೆ.
ಹಸನಬ್ಬ ಟಾರ್ಚು ಹಿಡಿದ. ನಾನು ಹೆಬ್ಬೆರಳಿಟ್ಟು ಒತ್ತಿದೆ.
ಕರಿದ ಸಂಡಿಗೆಯ ಹಾಗೆ ಮುರಿಯಿತು.

ನಲ್ಲಿ ನೀರು ಹಾಕುತ್ತಿದ್ದಿರಾ?
ಎಲ್ಲರೂ ಅದನ್ನೇ ತಾನೆ, ಅಂದರು.
ಹೌದು. ಈ ದ್ವೀಪದ ನಲ್ಲಿಯನ್ನು
ಸಮುದ್ರ ಪೂರ್ತಿ ಬಿಟ್ಟುಹೋಗಿರುವುದಿಲ್ಲ.

ಬಿಚ್ಚುವುದಕ್ಕೇ ಒಂದು ಹಗಲು. ಎರಡು ಬೋಲ್ಟು ತಲೆ ಕಳಕೊಂಡವು,
ನನ್ನ ಮಣಿಕಟ್ಟಿನ ಚರ್ಮವೂ ಸ್ವಲ್ಪ ಅಲ್ಲೇ ಉಳಿಯಿತು.
ಹೊರಬಂದ ಕೊಳವೆಯನ್ನು ತಂತಿಬ್ರಷ್ಷಿನಲ್ಲಿ ಉಜ್ಜಿದರೆ
ನಡುವೆ ಒಂದು ಹಳದಿ ಮಿಂಚು:
ಹಿತ್ತಾಳೆಯ ಬೆಸುಗೆ, ಉಂಗುರದಷ್ಟು ಸಪೂರ,
ಎಲ್ಲೂ ಗಂಟಿಲ್ಲ, ಎಲ್ಲೂ ಸುಟ್ಟಿಲ್ಲ.
ಯಾರೋ ನನಗಿಂತ ಮುಂಚೆ ಇಲ್ಲಿ ಬಗ್ಗಿದ್ದಾನೆ.
ಇದೇ ಬೋಲ್ಟಿಗೆ ಬೈದಿದ್ದಾನೆ, ಯಾವ ಭಾಷೆಯಲ್ಲೋ.
ಸುತ್ತಲ ಕಬ್ಬಿಣವೆಲ್ಲ ಉದುರುತ್ತಿದೆ. ಅವನ ಉಂಗುರ ಹಾಗೇ ಇದೆ.

"ಯಾರು ಮಾಡಿದ್ದು ಇದು?"
ಬದ್ರಿಯಾ ಅಮ್ಮ ಬಹಳ ಹೊತ್ತು ಯೋಚಿಸಿದರು.
"ಹೆಸರು ನೆನಪಿಲ್ಲ. ಆರು ದಿನಾರ್ ಕೊಟ್ಟಿದ್ದೆ."

ಕಂಪನಿ ಈ ಕೊಳವೆ ಮಾಡುವುದು ಬಿಟ್ಟು ಯಾವ ಕಾಲವಾಯಿತೋ.
ಗುಜರಿಯಲ್ಲಿ ಸಿಕ್ಕುವುದೆಲ್ಲ ಇದರ ವಾರಿಗೆಯವೇ,
ಇದೇ ಕಾಯಿಲೆಯವೇ.
ಎಂಸೀಲ್ ಮೆತ್ತಿ ಕಳಿಸಬಹುದಿತ್ತು, ಎರಡು ಶುಕ್ರವಾರ ತಡೆಯುತ್ತಿತ್ತು.
ಶೆಡ್ಡಿನ ಹಿಂದಿನಿಂದ ಒಂದು ಟ್ಯೂಬು ಎಳೆದು ತಂದೆ.
ತಾಮ್ರಕ್ಕೆ ನಿಕ್ಕಲ್ಲು ಬೆರೆತದ್ದು; ಸಿತ್ರಾ ಕಡೆ ಯಾವುದೋ
ಉಪ್ಪುನೀರು ಸಿಹಿ ಮಾಡುವ ಕಾರ್ಖಾನೆ ಒಡೆದಾಗ ತೂಕಕ್ಕೆ ಕೊಂಡದ್ದು.
ಇಪ್ಪತ್ತು ವರ್ಷ ಸಮುದ್ರವನ್ನೇ ನುಂಗಿದೆ,
ಒಳಮೈಯಲ್ಲಿ ಒಂದು ಕುಳಿಯಿಲ್ಲ.

ಬಗ್ಗಬೇಕು, ಮುದುಡಬಾರದು. ಅದಕ್ಕೆ ಒಳಗೆ ಮರಳು ತುಂಬಬೇಕು.
ಮರಳಿಗೇನು ಬರ ಇಲ್ಲಿ, ಅನ್ನಬೇಡಿ.
ಇಲ್ಲಿಯದು ಬೆವರುವ ಮರಳು. ಹಸಿಯಾಗಿ ತುಂಬಿ ಕಾಸಿದರೆ
ಪಟಾಕಿಯಂತೆ ಸಿಡಿಯುತ್ತದೆ.
ಹಸನಬ್ಬ ಚಹಾದ ಸ್ಟವ್ವಿನ ಮೇಲೆ ಬಾಣಲೆಯಿಟ್ಟು
ಜಾತ್ರೆಯಿಲ್ಲದ ಊರಿನ ಕಡಲೆಕಾಯಿಯವನ ಹಾಗೆ
ಮರಳು ಹುರಿಯತೊಡಗಿದ, ಬರೀ ಮರಳು.
ಬದ್ರಿಯಾ ಅಮ್ಮ ಬಾಗಿಲಲ್ಲಿ ನಿಂತು ನೋಡಿದರು.
ಉಪ್ಪು ಸಾಕಾ, ಎಂದು ಕೇಳಿದರು.

ತುಂಬಿ, ಎರಡೂ ಬಾಯಿಗೆ ಬೆಣೆ ಹೊಡೆದು, ಕೆಂಪಗೆ ಕಾಸಿ ಬಗ್ಗಿಸಿದೆ,
ಹಳೆಯದನ್ನು ಪಕ್ಕದಲ್ಲೇ ಮಲಗಿಸಿಕೊಂಡು
ಒಂದೊಂದು ತಿರುವಿಗೂ ಅದನ್ನೇ ಕೇಳಿಕೊಂಡು.
ಬ್ರಾಕೆಟ್ಟಿಗೆ ಬೆಳ್ಳಿಯ ಬೆಸುಗೆ.
ಕರಗಿದ ಬೆಳ್ಳಿ ತಾನಾಗಿ ಸಂದಿಯೊಳಗೆ ಓಡುವಾಗ
ಉಸಿರು ಹಿಡಿಯಬೇಕೆಂದು ಯಾರೂ ನನಗೆ ಕಲಿಸಿದ್ದಲ್ಲ.
ಆರಿದ ಮೇಲೆ ನೋಡಿದೆ. ಸ್ವಲ್ಪ ದಪ್ಪ.
ಅವನಷ್ಟು ಸಪೂರ ಬಂದಿಲ್ಲ.
ಅರ ಎತ್ತಿಕೊಂಡವನು ಕೆಳಗಿಟ್ಟೆ.

ಹದಿನೈದು ಪೌಂಡು ಗಾಳಿ ತುಂಬಿ, ಸೋಪಿನ ನೊರೆ ಬಳಿದು ಕಾದೆವು.
ಮಗ್ರಿಬಿನ ಬಾಂಗು ಮುಗಿಯಿತು. ಪಕ್ಕದ ಡೆಂಟಿಂಗಿನವರು ಶಟರ್ ಎಳೆದರು.
ಒಂದು ಗುಳ್ಳೆ ಏಳಲಿಲ್ಲ, ಮುಳ್ಳು ಅಲ್ಲಾಡಲಿಲ್ಲ.

"ಎಷ್ಟು ವರ್ಷ ಬರುತ್ತದೆ?"
ನಲ್ಲಿ ನೀರು ಮುಟ್ಟಿಸದಿದ್ದರೆ ನಿಮಗಿಂತ, ಅನ್ನಲಾರದೆ
ಕಾರಿಗಿಂತ, ಅಂದೆ. ನಕ್ಕರು. ಅವರಿಗೆ ಗೊತ್ತಾಗಿತ್ತು.
ಹದಿನೆಂಟು ದಿನಾರ್ ಕೇಳಿದೆ. ಚೌಕಾಶಿ ಮಾಡಿ ಹದಿನೈದು ಕೊಟ್ಟು,
ಹಸನಬ್ಬನ ಕೈಗೆ ಬೇರೆ ಒಂದು ಇಟ್ಟು ಹೋದರು,
ಮರಳಿಗೆ ಎಂದು.

ಹಳೆಯ ಕೊಳವೆ ಮೊಳೆಗೆ ತೂಗುತ್ತಿದೆ, ಗುಜರಿಗೆ ಹಾಕಿಲ್ಲ.
ಹೊಸದರ ಬೋಲ್ಟಿನ ಪಕ್ಕ ಎರಡು ಬೆರಳಿನ ಜಾಗ ಬಿಟ್ಟಿದ್ದೇನೆ,
ಮುಂದೆ ಬಗ್ಗುವವನ ಸ್ಪ್ಯಾನರು ತಿರುಗಲಿ ಎಂದು,
ಅವನ ಮಣಿಕಟ್ಟೂ.